ಒಂದೇ ರಂಗಸ್ಥಳದಲ್ಲಿ

ಅಘನಾಶಿನಿ ನದಿ ಕಡಲನ್ನು ಕೂಡುವ ಎಡೆಗೆ ಸಮೀಪದಲ್ಲಿರುವ ಕಾಗಾಲದಲ್ಲಿ ಮಳೆಗಾಲದ ಸಂಜೆಗಳು ದೀರ್ಘವಾದುವು. ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿಟ್ಟು ಮನೆ ಸೇರಿರುವ ಕಾಲ. ಅಂಥದೊಂದು ಸಂಜೆ ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತಿದ್ದ ವೃದ್ಧರೊಬ್ಬರು, ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಮೊಬೈಲಿನಲ್ಲಿ ಏನನ್ನೋ ತನ್ಮಯನಾಗಿ ನೋಡುತ್ತಿದ್ದುದನ್ನು ಕಂಡು, "ಅದು ಯಾವ ಮೇಳವೋ ಮಗಾ?" ಎಂದು ಕೇಳಿದರು.

ಅದು ಪಿಂಕ್ ಫ್ಲಾಯ್ಡ್ ಎಂಬ ರಾಕ್ ವಾದ್ಯವೃಂದ. 1965ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಆ ತಂಡದ ಕೀರ್ತಿ ಜಗತ್ತನ್ನು ವ್ಯಾಪಿಸಿದಂತೆ ಒಳಗಿನ ವೈಮನಸ್ಯವೂ ಬೆಳೆಯಿತು. ರೋಜರ್ ವಾಟರ್ಸ್ 1985ರಲ್ಲಿ ಹೊರನಡೆದರು. ಡೇವಿಡ್ ಗಿಲ್ಮೋರ್ ಮೊದಲಾದವರು ಅದೇ ಹೆಸರಿನಲ್ಲಿ ಮುಂದುವರಿಯಲು ಹೊರಟಾಗ ಜಗಳ ವಕೀಲರ ಕೈ ಸೇರಿತು. 1981ರ ಅನಂತರ ನಾಲ್ವರೂ ಒಂದೇ ವೇದಿಕೆಯನ್ನೇರಿದ್ದು 2005ರ ಜುಲೈ 2ರಂದು, 24 ವರ್ಷಗಳ ಮೇಲೆ. ಬಡರಾಷ್ಟ್ರಗಳ ಪರವಾಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಏರ್ಪಟ್ಟ 'ಲೈವ್ 8' ಅದಕ್ಕೆ ನಿಮಿತ್ತವಾಯಿತು. ಅಭ್ಯಾಸದ ದಿನಗಳಲ್ಲಿಯೂ ಯಾವ ಹಾಡುಗಳನ್ನು ಹಾಡಬೇಕೆಂಬುದರಲ್ಲಿ ಅವರಿಗೆ ಒಮ್ಮತವಿರಲಿಲ್ಲ.

ಮೊಮ್ಮಗ ಇಷ್ಟನ್ನು ವಿವರಿಸುವಷ್ಟರಲ್ಲಿ ಅಜ್ಜ ಕನ್ನಡಕವನ್ನೇರಿಸಿಕೊಂಡಿದ್ದರು. ಭಾಷೆ ಅವರಿಗೆ ತಿಳಿಯದು; ರಂಗಸ್ಥಳದ ಮುಖಭಾವ ತಿಳಿಯದೆ ಇರಲಾರದು. "ಒಬ್ಬ ನಗುತ್ತಿದ್ದಾನೆ, ಇನ್ನೊಬ್ಬನ ಮುಖ ಇನ್ನೂ ಬಿಗಿದೇ ಇದೆ. ಆದರೆ ತಾಳ ತಪ್ಪಲಿಲ್ಲ, ನೋಡು" ಎಂದರು.

ಕರಾವಳಿಯ ಪ್ರೇಕ್ಷಕನಿಗೆ ಈ ಬಗೆಯ ಬಿಗುವು ಹೊಸದಲ್ಲ. ಜೋಡಾಟದಲ್ಲಿ ಎರಡು ಮೇಳಗಳಿಗೆ ಎರಡು ರಂಗಸ್ಥಳ; ಜನ ಯಾವ ಕಡೆ ಮುಖ ತಿರುಗಿಸುತ್ತಾರೆಂಬುದೇ ಅಲ್ಲಿಯ ತೀರ್ಪು. ಕೂಡಾಟದ ಪರಿ ಬೇರೆ. ಅಲ್ಲಿ ರಂಗಸ್ಥಳ ಒಂದೇ. ಬೇರೆ ಬೇರೆ ಮೇಳಗಳ ವೇಷಗಳು ಎದುರುಬದುರಾಗಿ ನಿಲ್ಲಬೇಕು. ಭಾಗವತರ ಪದ್ಯ ಗೊತ್ತಿದ್ದದ್ದೇ, ಆದರೆ ಅದರ ಮೇಲಿನ ಮಾತು ಬರೆದಿಟ್ಟುದಲ್ಲ. ಆ ಕ್ಷಣದಲ್ಲಿ ಹುಟ್ಟಬೇಕು. ಆದುದರಿಂದ ಚೌಕಿಯ ಮುನಿಸು ಪಾತ್ರದ ಬಾಯಿಂದ ಹೊರಬೀಳುವುದು ಕಷ್ಟವಲ್ಲ. 'ಕೃಷ್ಣಾರ್ಜುನ ಕಾಳಗ'ದಂಥ ಪ್ರಸಂಗವಾದರಂತೂ ಹೇಳಲೇ ಬೇಡ. ಗಯನೆಂಬ ಗಂಧರ್ವನನ್ನು ಕೊಲ್ಲುವೆನೆಂದು ಕೃಷ್ಣನ ಶಪಥ. ಯಾರಿಂದ ಭಯವೆಂದು ಕೇಳದೆ ಅವನಿಗೆ ಅಭಯವಿತ್ತವನು ಅರ್ಜುನ. ಪ್ರಾಣಸಖರಿಬ್ಬರು ಹಳೆಯ ಉಪಕಾರಗಳನ್ನೆಲ್ಲ ಎಣಿಸಿ ಎಣಿಸಿ ಹಂಗಿಸಿಕೊಳ್ಳುವ ಸನ್ನಿವೇಶ. ಮಾತು ಪಾತ್ರದ್ದೋ ಪಾತ್ರಧಾರಿಯದೋ ಎಂದು ಸಭೆ ಉಸಿರು ಬಿಗಿಹಿಡಿಯುತ್ತದೆ. ಆಗ ಮಾತು ಹದ ಮೀರದಂತೆ ಮುಂದಿನ ಪದ್ಯವನ್ನೆತ್ತಿ ಇಬ್ಬರನ್ನೂ ಕುಣಿಸಬಲ್ಲವನೇ ಸಮರ್ಥ ಭಾಗವತ.

ಹೈಡ್ ಪಾರ್ಕಿನ ಆಟ ಅರ್ಧ ಗಂಟೆಯೂ ನಡೆಯಲಿಲ್ಲ. ಕೊನೆಯ ಹಾಡು ಮುಗಿದಾಗ ಗಿಲ್ಮೋರ್ ಹೊರಡಲನುವಾದರು. ವಾಟರ್ಸ್ ಕೈಬೀಸಿ ಕರೆದರು. ನಾಲ್ವರೂ ಹೆಗಲ ಮೇಲೆ ತೋಳಿಟ್ಟು ನಿಂತರು.

"ಆಮೇಲೆ?" ಎಂದರು ಅಜ್ಜ.

"ಆಮೇಲೆ ಇಲ್ಲ, ಅಜ್ಜಾ. ನಾಲ್ವರೂ ಸೇರಿ ಕಛೇರಿ ಮಾಡಿದ್ದು ಅದೇ ಕೊನೆ. 2008ರಲ್ಲಿ ರಿಚರ್ಡ್ ರೈಟ್ ತೀರಿಕೊಂಡರು."

ವೃದ್ಧರು ಬಹಳ ಹೊತ್ತು ಮಾತನಾಡಲಿಲ್ಲ. ಅಂಗಳದ ಆಚೆ, ದಣಪೆಯ ಹಿಂದೆ, ಅವರ ತಮ್ಮನ ಮನೆಯ ದೀಪ ಕಾಣುತ್ತಿತ್ತು. ಒಂದು ಕಾಲಕ್ಕೆ ಒಂದೇ ಸೂಡಿಯ ಬೆಳಕಿನಲ್ಲಿ ಗದ್ದೆಯ ಹಾಳಿಯ ಮೇಲೆ ನಡೆದು ಆಟಕ್ಕೆ ಹೋಗುತ್ತಿದ್ದ ಅಣ್ಣತಮ್ಮಂದಿರು. ತೋಟದ ಪಾಲಿನ ವ್ಯಾಜ್ಯ ಕುಮಟಾದ ನ್ಯಾಯಾಲಯದಲ್ಲಿ ತೀರ್ಮಾನವಾಗಿ ವರ್ಷಗಳು ಸಂದಿದ್ದುವು. ಮಾತು ಮಾತ್ರ ಹುಟ್ಟಿರಲಿಲ್ಲ. ಹೋದ ವರ್ಷದ ಆಟದಲ್ಲಿಯೂ ಒಬ್ಬರು ರಂಗಸ್ಥಳದ ಬಲಕ್ಕೆ, ಇನ್ನೊಬ್ಬರು ಎಡಕ್ಕೆ ಕುಳಿತು ಒಂದೇ ಕೃಷ್ಣನನ್ನು ನೋಡಿದ್ದರು.

"ಮಗಾ, ಆ ಕೊನೆಯದನ್ನು ಇನ್ನೊಮ್ಮೆ ಹಾಕು" ಎಂದರು ಅಜ್ಜ. ನೋಡಿ ಮುಗಿದ ಮೇಲೆ ಕವಳದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಕೊಡೆ ತೆಗೆದುಕೊಂಡು ಆಚೆಮನೆಗೆ ಹೋಗಿ ಬಾ. ಸಣ್ಣಜ್ಜನಿಗೆ ಇದನ್ನು ತೋರಿಸು. ದೀಪಾವಳಿ ಕಳೆದ ಮೇಲೆ ಮೇಳ ಹೊರಡುತ್ತದೆ, ಮೊದಲ ಆಟಕ್ಕೆ ಒಂದೇ ಕಡೆ ಕೂರೋಣ ಎಂದು ಅಣ್ಣ ಹೇಳಿದ ಎನ್ನು."

ಮೊಮ್ಮಗ ಮೆಟ್ಟಿಲಿಳಿಯುತ್ತಿದ್ದಂತೆ ಅಜ್ಜ ಮತ್ತೆ ಕೂಗಿದರು: "ತೋಟದ ಮಾತು ಎತ್ತಬೇಡ."