ಹೊಳೆ ದಾಟಿದ ಮೇಲೆ

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಆನೆಗೆ ಲೆಕ್ಕವಿದೆ, ಕುದುರೆಗೆ ಲೆಕ್ಕವಿದೆ. ಹರಿಗೋಲಿಗೆ ಮಾತ್ರ ಲೆಕ್ಕವಿಲ್ಲ. ಯುದ್ಧನೌಕೆ ಎಂದೊಡನೆ ನಮ್ಮ ದೃಷ್ಟಿ ಕಡಲಿನತ್ತ ಹೊರಳುತ್ತದೆ. ಕಡಲನ್ನೇ ಕಾಣದ ಯಾದಗಿರಿ, ಶಹಾಪುರ, ಸುರಪುರಗಳಿಗೂ ನೌಕೆಗೂ ಏನು ಸಂಬಂಧವೆಂದು ಕೇಳುವವರುಂಟು. ಆದರೆ ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ ಹರಿಯುವ ನಾಡು ನಮ್ಮದು. ಇಂಥ ನಾಡಿನಲ್ಲಿ ತುಂಬಿದ ಹೊಳೆಯನ್ನು ದಂಡು ದಾಟಬೇಕಾದಾಗ, ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲೇ ಅದರ ನೌಕಾಬಲ. ಅದರ ಸೇವೆಯನ್ನು ನಾವು ಮರೆತಿರುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

1520ರ ರಾಯಚೂರು ಯುದ್ಧವನ್ನೇ ನೋಡೋಣ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ದಂಡು ಕೃಷ್ಣೆಯ ಉತ್ತರದ ದಂಡೆಗೆ, ಎಂದರೆ ನಮ್ಮ ಸೀಮೆಯಿರುವ ದಂಡೆಗೆ, ಬಂದು ಇಳಿದಿತ್ತು. ಆಚೆಗೆ ಕೃಷ್ಣದೇವರಾಯನ ಸೈನ್ಯ. ತೊಗಲು ಹೊದಿಸಿದ ನೂರು ಹರಿಗೋಲುಗಳು ಸಿದ್ಧವಾಗಿದ್ದವೆಂದೂ, ಉಳಿದವು ಕೆಲವು ದಿನಗಳಲ್ಲಿ ಸಿದ್ಧವಾಗಲಿದ್ದವೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಮದ್ಯದ ಅಮಲಿನಲ್ಲಿದ್ದ ಸುಲ್ತಾನನಿಗೆ ಆ ಕೆಲವು ದಿನಗಳ ತಾಳ್ಮೆ ಇರಲಿಲ್ಲ. ಆನೆಯನ್ನು ಹೊಳೆಗೆ ನುಗ್ಗಿಸಿಯೇ ಬಿಟ್ಟನು. ಹರಿಗೋಲುಗಳು ಎರಡು ಸಲ ದಾಟಿಸಿದಷ್ಟು ಮಂದಿ ಮಾತ್ರ ಆಚೆ ಸೇರಿದ್ದರು. ಅಷ್ಟರಲ್ಲಿ ಕಾಳಗ ಆರಂಭವಾಯಿತು. ಸೋತು ಹಿಂದಿರುಗುವಾಗ ಅಸಂಖ್ಯ ಸೈನಿಕರು ಹೊಳೆಯ ಪಾಲಾದರು; ಸುಲ್ತಾನನು ಆನೆಯ ಮೇಲೆ ಪಾರಾದನು. ಕಥೆಯಲ್ಲಿ ಆನೆಯುಂಟು, ಮದ್ಯವುಂಟು. ಹುಟ್ಟು ಹಾಕಿದ ಒಬ್ಬ ಅಂಬಿಗನ ಹೆಸರೂ ಇಲ್ಲ.

ಅದೇ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಈ ದುಂಡು ದೋಣಿಯಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುವರೆಂದೂ, ಅದು ತಿರುಗುತ್ತಲೇ ಸಾಗುವುದೆಂದೂ ಬರೆದಿದ್ದಾನೆ. ಅದಕ್ಕೂ ಸುಮಾರು ಮುನ್ನೂರು ವರ್ಷಗಳ ಅನಂತರ, 1800ರಲ್ಲಿ, ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯೂ ಮಲಪ್ರಭೆಯನ್ನು ದಾಟಲು ಹರಿಗೋಲನ್ನೇ ನೆಚ್ಚಬೇಕಾಯಿತು. ಫಿರಂಗಿಗಳು ಬಂದವು, ರಾಜ್ಯಗಳು ಬದಲಾದವು. ಹೊಳೆಯ ಅಧಿಕಾರ ಅಂಬಿಗನ ಕೈಯಲ್ಲಿಯೇ ಉಳಿಯಿತು.

ಅಂಬಿಗನು ಕತ್ತಿ ಹಿಡಿಯಲಿಲ್ಲ, ದಾಟಿಸಿದ ಅಷ್ಟೆ, ಎಂದು ಕೆಲವರು ವಾದಿಸಬಹುದು. 1940ರಲ್ಲಿ ಡನ್‌ಕರ್ಕ್‌ನಿಂದ ಮೂರು ಲಕ್ಷಕ್ಕೂ ಮಿಕ್ಕ ಸೈನಿಕರನ್ನು ಪಾರುಮಾಡಿದಾಗ, ದೊಡ್ಡ ಹಡಗುಗಳ ಜೊತೆಗೆ ಬಾಡಿಗೆಯ ಹಡಗುಗಳೂ ವಿಹಾರದ ದೋಣಿಗಳೂ ದುಡಿದವು. ಅವೂ ದಾಟಿಸಿದ್ದಷ್ಟೆ. ಆದರೂ ನೂರಕ್ಕೂ ಹೆಚ್ಚು ಜನರನ್ನು ಹೊತ್ತುತಂದ 'ಸನ್‌ಡೌನರ್' ಎಂಬ ಪುಟ್ಟ ದೋಣಿಯನ್ನು ಆ ದೇಶದವರು ಇಂದಿಗೂ ಕಾಪಾಡಿಕೊಂಡಿದ್ದಾರೆ. ನಾವೋ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬ ಗಾದೆಯನ್ನು ಚಾಚೂ ತಪ್ಪದೆ ಪಾಲಿಸಿದ್ದೇವೆ.

ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನು ತನ್ನ ಕಸುಬಿನ ಹೆಸರನ್ನೇ ಅಂಕಿತವಾಗಿಸಿಕೊಂಡು ತಲೆಯೆತ್ತಿ ನುಡಿದನು. ಅಂಥ ನಾಡಿನಲ್ಲಿ ಈ ಮರೆವು ಸಲ್ಲದು. ಈಗ ತಿಂಥಣಿಯಲ್ಲಿಯೂ ಕೊಳ್ಳೂರಿನಲ್ಲಿಯೂ ಕೃಷ್ಣೆಗೆ ಸೇತುವೆಗಳಿವೆ. ಇದು ಸಂತೋಷದ ಸಂಗತಿಯೇ. ಆದರೆ ಸೇತುವೆಯ ಮೇಲೆ ಸಾಗುವವನಿಗೆ ಸುಳಿ ಎಲ್ಲಿದೆ, ಮಡು ಎಲ್ಲಿದೆ ಎಂಬುದು ಬೇಕಿಲ್ಲ. ಬಿದಿರು ಹೆಣೆಯುವ ಕ್ರಮ, ನೀರಿನ ನಡೆಯನ್ನು ಗುರುತಿಸುವ ಮಾತುಗಳು, ಕಡವುಗಳ ಹೆಸರುಗಳು ಮುದುಕರೊಡನೆ ಮಾಯವಾಗುತ್ತವೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ರಜೆಯಲ್ಲಿ ಹೊಳೆದಂಡೆಯ ಊರುಗಳಿಗೆ ಹೋಗಿ ಇವನ್ನು ಬರೆದಿಟ್ಟುಕೊಳ್ಳಬೇಕು. ಅಧ್ಯಾಪಕರು ದಾರಿ ತೋರಬೇಕು. ಆ ನೂರು ಹರಿಗೋಲುಗಳ ಅಂಬಿಗರ ಹೆಸರು ಇನ್ನು ಸಿಗಲಾರದು. ಈಗಿರುವವರ ಹೆಸರನ್ನಾದರೂ ಹೊಳೆಗೆ ಬಿಡದಿರೋಣ.