ಸಾರಾಂಶದ ದಾಸ್ಯವೂ ನವ್ಯಕಾವ್ಯವೂ

ನವ್ಯಕಾವ್ಯದ ಮೇಲೆ ಎರಡು ಆಕ್ಷೇಪಗಳು ಮೇಲಿಂದ ಮೇಲೆ ಕೇಳಿಬರುತ್ತವೆ: ಅದಕ್ಕೆ ಛಂದಸ್ಸಿಲ್ಲ; ಅದರ ಅರ್ಥವು ತಿಳಿಯದು. ಈ ಎರಡಕ್ಕೂ ತಾಯಿಬೇರು ಒಂದೇ. ಪದ್ಯವನ್ನೋದಿ, ನಾಲ್ಕು ಸಾಲಿನ ಸಾರಾಂಶವನ್ನು ಬರೆದು, ಪದ್ಯವು ಕೈವಶವಾಯಿತೆಂದು ನಂಬುವ ಪಾಠಶಾಲೆಯ ರೂಢಿಯೇ ಆ ಬೇರು. ಸಾರಾಂಶವೇ ಸಾಕಾಗುವುದಾದರೆ ಕವಿಯು ಪದ್ಯವನ್ನೇಕೆ ಬರೆಯಬೇಕಾಗಿತ್ತು?

ಹಿಡಕಲ್ಲಿನವರಿಗೆ ಈ ಪಾಠವನ್ನು ಘಟಪ್ರಭೆಯೇ ಹೇಳಬಲ್ಲಳು. 1977ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ಆಕೆ ನಿಶ್ಚಲೆ; ಕಾಲುವೆಯಲ್ಲಿ ಶಿಸ್ತಿನ ನಡೆಯವಳು; ಮಳೆಗಾಲದಲ್ಲಿ ಗೋಕಾಕದ ಬಂಡೆಯಿಂದ ಸುಮಾರು 52 ಮೀಟರು ಕೆಳಕ್ಕೆ ಧುಮುಕುವಾಗ ಭಯಂಕರಿ. ಮೂರೂ ನೀರೇ ಅಹುದು. ಆದರೆ ‘ನೀರು’ ಎಂದು ಬರೆದಿಟ್ಟವನು ಜಲಪಾತವನ್ನು ಕಂಡಂತಾಯಿತೇ?

ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ (1959) ಸಂಕಲನದ ‘ಭೂತ’ವೆಂಬ ಕವನವನ್ನೇ ನೋಡಬಹುದು. ‘ಗತಕಾಲದ ಸತ್ತ್ವವನ್ನು ಆರಿಸಿಕೊಳ್ಳಬೇಕು’ ಎಂದು ಸಾರಾಂಶಕಾರನು ಬರೆದಾನು. ಅದು ತಪ್ಪಲ್ಲ, ಕವನವೂ ಅಲ್ಲ. ಭೂತವೆಂಬ ಒಂದೇ ಶಬ್ದದಲ್ಲಿ ಕಳೆದ ಕಾಲವೂ ಉಂಟು, ಕಾಡುವ ಪಿಶಾಚಿಯೂ ಉಂಟು. ಸಾರಾಂಶವು ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು. ಕವನವು ಎರಡನ್ನೂ ಬಿಡದು. ಮೊದಲು ಭೀತಿ, ಅನಂತರ ಅಗೆತ, ಕಡೆಗೆ ಚಿನ್ನದ ಅದಿರನ್ನು ವಿಗ್ರಹವಾಗಿಸುವ ಕಸಬು: ಈ ಕ್ರಮವನ್ನು ತಿರುವಿದರೆ ಅರ್ಥವೇ ತಿರುವುಮುರುವಾಗುವುದು. ಬಂಧವು ಅರ್ಥದ ಅಂಗಿಯಲ್ಲ, ಅದರ ಅಸ್ಥಿ.

ಛಂದಸ್ಸಿಲ್ಲವೆಂಬುದು ಕಿವಿಗೊಡದವರ ಮಾತು. ಅಡಿಗರು ಮಾತ್ರಾಲಯವನ್ನು ತೊರೆಯಲಿಲ್ಲ; ಸಮಪಾದಗಳ ಬೇಲಿಯನ್ನು ಮುರಿದು, ಆಡುಮಾತಿನ ಏರಿಳಿತಕ್ಕೆ ತಕ್ಕಂತೆ ಸಾಲನ್ನು ನೀಳವಾಗಿಯೂ ಮೊಟಕಾಗಿಯೂ ನಡೆಯಿಸಿದರು. 12ನೆಯ ಶತಮಾನದ ವಚನಕಾರರು ವೃತ್ತ-ಕಂದಗಳ ಹಂಗನ್ನೇ ತೊರೆದರು. ಅವರ ಮಾತಿಗೆ ಲಯವಿಲ್ಲವೆಂದು ಹಳಿಯುವ ಧೈರ್ಯವು ಯಾರಿಗುಂಟು?

ಹಾಗೆಂದು ಸಾಲು ಮುರಿದದ್ದೆಲ್ಲ ನವ್ಯವಾಗದು. ಸಾಲು ಇಲ್ಲಿಯೇ ಏಕೆ ಮುರಿಯಿತೆಂಬುದಕ್ಕೆ ಕವನದೊಳಗೇ ಉತ್ತರವಿರಬೇಕು. ಇರದಿದ್ದರೆ ಅದು ಮುರುಕು ಗದ್ಯ; ಅಂಥದನ್ನು ನವ್ಯದ ಹೆಸರಿನಲ್ಲಿ ಮಾರುವವರು ಈ ಕಾವ್ಯಕ್ಕೆ ಸಾರಾಂಶಕಾರರಿಗಿಂತಲೂ ದೊಡ್ಡ ವೈರಿಗಳು.

ಮನೆಯಲ್ಲಿ ಮಗುವು ಪದ್ಯವನ್ನೋದುತ್ತಿದ್ದರೆ ‘ಇದರ ಸಾರಾಂಶವೇನು?’ ಎಂದು ಹಿರಿಯರು ಕೇಳುವುದು ಬೇಡ. ‘ಗಟ್ಟಿಯಾಗಿ ಓದು, ಉಸಿರು ಎಲ್ಲಿ ನಿಂತಿತು, ಏಕೆ ನಿಂತಿತು?’ ಎಂದು ಕೇಳಲಿ. ಅರ್ಥವು ಆ ನಿಲುಗಡೆಯಿಂದಲೇ ಮೊದಲಾಗುವುದು. ಅದನ್ನು ಕೇಳದ ಕಿವಿಗೆ ಕುಮಾರವ್ಯಾಸನ ಷಟ್ಪದಿಯೂ ಬರಿಯ ಕಥೆಯಾಗಿಯೇ ಉಳಿದೀತು.