ರಸ್ತೆಬದಿಯ ಆನೆಯೂ ಪ್ರವಾಸಿಯ ಕ್ಯಾಮೆರಾವೂ

ಬಣ್ಣಾರಿಯಿಂದ ದಿಂಬಂಗೆ ಏರುವ ಘಟ್ಟದಲ್ಲಿ 27 ತಿರುವುಗಳಿವೆ. ಅವನ್ನು ದಾಟಿ ಹಾಸನೂರಿನತ್ತ ಸಾಗುವ ಪ್ರವಾಸಿಗೆ ರಸ್ತೆಯಂಚಿನಲ್ಲಿ ಆನೆ ಕಂಡರೆ ಸಂತೋಷವಾಗುವುದು ಸಹಜ. ಆದರೆ ಕಾರು ನಿಲ್ಲಿಸಿ, ಕೆಳಗಿಳಿದು, ಮೊಬೈಲ್ ಹಿಡಿದು ಅದರ ಬಳಿಗೆ ಹೋಗುವುದು ಸಲ್ಲದು.

ಚಿತ್ರ ತೆಗೆದವನು ಅಂದೇ ತನ್ನ ಊರು ಸೇರುತ್ತಾನೆ. ಕೆಣಕಿಸಿಕೊಂಡ ಆನೆ ಅಲ್ಲಿಯೇ ಉಳಿಯುತ್ತದೆ. ಮರಿಯ ಸುತ್ತ ವಾಹನಗಳು ನೆರೆದುದರಿಂದ ಬೆದರಿದ ತಾಯಾನೆಗೆ ಮುಂದೆ ಎದುರಾಗುವವನು ಬೈಕಿನಲ್ಲಿ ತಾಳವಾಡಿಗೆ ಮರಳುತ್ತಿರುವ ರೈತನಾಗಿರಬಹುದು. ಕಬ್ಬಿನ ಲಾರಿಗಳ ರುಚಿ ಕಂಡ ಆನೆಗಳು ಈ ದಾರಿಯಲ್ಲಿ ಮೊದಲೇ ರಸ್ತೆಗಿಳಿಯುತ್ತವೆ. ಚಿತ್ರದ ಆಸೆಯಿಂದ ಅವುಗಳಿಗೆ ಹಣ್ಣು ಎಸೆಯುವವನು ಆ ಅಭ್ಯಾಸವನ್ನು ಇನ್ನಷ್ಟು ಬಲಪಡಿಸುತ್ತಾನೆ. ಒಬ್ಬನ ಮೋಜಿಗೆ ಮತ್ತೊಬ್ಬನು ಬೆಲೆ ತೆರಬೇಕಾಗುತ್ತದೆ.

ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ಈ ಹೆದ್ದಾರಿಯ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಅದರ ಭಾರ ಹೊತ್ತವರಲ್ಲಿ ತಾಳವಾಡಿ ಸೀಮೆಯ ಕನ್ನಡಿಗರೂ ಇದ್ದಾರೆ. ಕಾಡಿನ ರಾತ್ರಿಗೆ ಕಾನೂನಿನ ಕಾವಲಿದೆ. ಹಗಲನ್ನು ಪ್ರಯಾಣಿಕನ ವಿವೇಕವೇ ಕಾಯಬೇಕು.

ವನ್ಯಜೀವಿ ಛಾಯಾಗ್ರಹಣದಲ್ಲಿ ಅಂತರವೇ ಮೊದಲ ಪಾಠ. ಮೇಯುತ್ತಿದ್ದ ಪ್ರಾಣಿ ಮೇವು ಬಿಟ್ಟು, ಕಿವಿ ಅಗಲಿಸಿ ಕ್ಯಾಮೆರಾದತ್ತ ತಿರುಗಿತೆಂದರೆ ಛಾಯಾಗ್ರಾಹಕನು ಮಿತಿ ಮೀರಿದನೆಂದೇ ಅರ್ಥ. ಇಂತಹ ದಾರಿಯಲ್ಲಿ ಕಾರು ನಿಲ್ಲಿಸದೆ, ಆನೆಯನ್ನು ಕಣ್ತುಂಬಿಕೊಂಡು ಸಾಗುವುದೇ ಮೇಲು. ಒಂದು ಚಿತ್ರ ತಪ್ಪಿದರೆ ಯಾರಿಗೂ ನಷ್ಟವಿಲ್ಲ.